ತುಂಬಿದ್ದಕ್ಕೆ ರೇಟಿಲ್ಲ

ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಕಾಲ ಮುಗಿದರೆ
ಸೊಣ್ಣಮ್ಮ ನಮ್ಮ ಗುಜರಿಗೆ ಬರುತ್ತಾಳೆ.
ಮೂರು ತಿಂಗಳು ಬಾದಾಮಿ, ರಸಪುರಿ, ನೀಲಂ ವಿಂಗಡಿಸಿದ ಮೂಗು
ಉಳಿದ ಒಂಬತ್ತು ತಿಂಗಳು
ಬಿಯರ್ ಬಾಟಲಿಗೆ ಬಾಡಿಗೆ.

ಗೋಣಿ ಸುರಿದರೆ ಅಂಗಳದ ತುಂಬ ಗಾಜಿನ ಗಲಾಟೆ.
ಕತ್ತು ಹಿಡಿದು, ಬಾಯಿ ಮೂಗಿಗೆ ತಂದು
ಕಣ್ಣು ಮುಚ್ಚಿ ಹೇಳುತ್ತಾಳೆ.
ಆಮೇಲೆ ನಾನು ಲೇಬಲ್ ಓದುತ್ತೇನೆ,
ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ.
ಯಾಕೆಂದು ಕೇಳಬೇಡಿ.

“ಇದು ಆರಿದ ಅಕ್ಕಿ ಗಂಜಿ.
ಮದುವೆ ಮನೇಲಿ ಯಾರ ಜೊತೇಲೂ ಜಗಳಕ್ಕೆ ಹೋಗದ
ನೆಂಟ ಇರ್ತಾನಲ್ಲ, ಹಂಗೆ.”
ಲಾಗರ್. ಗೋಣಿಯ ಮುಕ್ಕಾಲು ಪಾಲು ಅದೇ.

“ಸ್ಟ್ರಾಂಗು. ಮೂಲೇಲಿ ಮರೆತ ಹಲಸಿನಹಣ್ಣು
ನಾಕನೇ ದಿನ ಕೂಗಿ ಕರೀತದೆ ನೋಡು.
ಕಲ್ಲು ಒಡೆಯೋರು ಕುಡಿದಿದ್ದು.
ಅವರಿಗೆ ಬೇಗ ಕತ್ತಲಾಗ್ಬೇಕು.”

ರೆಸಾರ್ಟಿನಿಂದ ಸೋಮವಾರ ಬರುವ ಚೀಲದಲ್ಲಿ
ಗೋಧಿಯದು: ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ,
ಒಂಚೂರು ಬಾಳೆಹಣ್ಣು.
“ತಳದಾಗೆ ಮಡ್ಡಿ. ತೊಳೆಯೋಳ ಕಷ್ಟ ಅವರಿಗೇನು ಗೊತ್ತು.”

ಅದೇ ಚೀಲದಲ್ಲಿ ಇನ್ನೊಂದು. ಮುಖ ಕಿವುಚಿದಳು.
“ಬೇವಿನ ಹೂವ. ದುಡ್ಡು ಕೊಟ್ಟು ಕಹಿ ಕುಡಿಯೋರೂ ಅವ್ರಾ?”
ಇಟ್ಟುಬಿಟ್ಟಳು. ಮತ್ತೆ ತೆಗೆದಳು.
“ಇಲ್ಲಪ್ಪ, ಸೊನೆ. ತೊಟ್ಟು ಮುರಿದಾಗ ಚಿಮ್ಮೋ ಮಾವಿನ ಸೊನೆ,”
ಎಂದು ತನ್ನ ಮುಂಗೈಯ ಹಳೆಯ ಸುಟ್ಟಕಲೆ ತೋರಿಸಿದಳು.

ಅಪರೂಪಕ್ಕೊಂದು ಕಪ್ಪನೆಯದು:
ಹುರಿಯುವಾಗ ಕೈಮರೆತು ಸೀದ ರಾಗಿ.
“ಹಿಂಗೆ ಸೀಯಿಸಿದ್ದಕ್ಕೆ ನಮ್ಮವ್ವ ಸೌಟಲ್ಲಿ ಹೊಡೆದಿದ್ಲು.
ಇವರು ಬೇಕೂಂತಲೇ ಸೀಯಿಸ್ತಾರಾ?”

ಹೂಂ, ಎಂದೆ. ಎಲ್ಲ ಅದೇ ಮೊಳಕೆ ಕಾಳು, ಅದೇ ನೀರು;
ಹುರಿದ ಹೊತ್ತು ಬೇರೆ, ಹುಳಿಬಂದ ದಿನ ಬೇರೆ.
“ಮಾವಿನ ಓಟೆ ನೋಡಿದ್ರೂ ಎಲ್ಲ ಒಂದೇ,” ಎಂದಳು,
“ನೆಟ್ಟು ನೋಡು.”

ಖುದ್ದೂಸ್ ಸಾಬರ ಲೆಕ್ಕದಲ್ಲಿ ಮಾತ್ರ ಮೂರೇ ಜಾತಿ:
ಕಂದು ಎರಡೂವರೆ,
ಹಸಿರು ಒಂದು,
ಒಡೆದದ್ದು ಕೆಜಿಗೆ.

ಹೋದ ಶನಿವಾರ ಗೋಣಿಯೊಳಗೆ
ಮುಚ್ಚಳವೇ ತೆಗೆಯದ ಒಂದು ಸಿಕ್ಕಿತು.
ಯಾರು ಮರೆತರೋ, ಯಾರಿಗೆ ಆ ಹೊತ್ತಲ್ಲಿ ಸಾಕಾಯಿತೋ.
ಒಂದು ಗುಟುಕು ನೋಡು ಸೊಣ್ಣಮ್ಮ, ಎಂದೆ.
ಇಷ್ಟು ವರ್ಷ ಮೂಸಿದ್ದೀಯ.

ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಬ್ಬಿಸಿದಳು.
ಉಸ್ಸೆಂದು ನೊರೆ ಬಳೆಯವರೆಗೆ ಹತ್ತಿತು.
ಮೂಸಿದಳು. ಬಹಳ ಹೊತ್ತು.
ನಾನು ಪೆನ್ನು ಹಿಡಿದು ಕಾದೆ.

“ಇದಕ್ಕೆ ಇನ್ನೂ ಏನೂ ಆಗಿಲ್ಲ.”

ಅಷ್ಟೇ. ಚರಂಡಿಗೆ ಬಗ್ಗಿಸಿದಳು, ಕೋಳಿಗಳು ಓಡಿ ಬಂದವು.
“ತುಂಬಿದ್ದಕ್ಕೆ ನಮ್ಮಲ್ಲಿ ರೇಟಿಲ್ಲ ಕಣಪ್ಪ,” ಎಂದು
ಎರಡು ಸಲ ಜಾಲಿಸಿ ಕಂದಿನ ಸಾಲಿಗೆ ನಿಲ್ಲಿಸಿದಳು.

ಕೈ ಸೆರಗಿಗೆ ಒರೆಸುವ ಮುಂಚೆ
ಬಳೆಗೆ ಒಮ್ಮೆ ನಾಲಗೆ ತಾಗಿಸಿದ್ದನ್ನು
ನಾನು ಬರೆದುಕೊಳ್ಳಲಿಲ್ಲ.