ಆರೂವರೆ ಅಡಿ

ಮೊದಲು ಅದು ಕೇಳುವುದು ಜಾಗ.
ತಲೆಗೆ ಬಿಗಿದುಕೊಂಡ ಕೂಡಲೇ
ನೆಲದ ಮೇಲೊಂದು ಗೆರೆ ಎಳಿ ಅನ್ನುತ್ತದೆ:
ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ,
ಒಳಗೆ ಕುರ್ಚಿ ಇರಬಾರದು, ಮಗು ಇರಬಾರದು.

ದುಡ್ಡಿನ ಮಾತು ಆಗಲೇ ಮುಗಿದಿರುತ್ತದೆ.
ಹೊಸದಕ್ಕೆ ಮೂವತ್ತು ಸಾವಿರ, ಚಿಲ್ಲರೆ. ನಮ್ಮದು
ಬಾಗಿಲು ಹಾಕಿದ ಆಟದಂಗಡಿಯ ಹಳೇ ಮಾಲು,
ಹದಿನಾರೂವರೆ. ನಾಲ್ಕು ಜನ,
ತಲೆಗೆ ನಾಲ್ಕು ಸಾವಿರದ ನೂರಿಪ್ಪತ್ತೈದು
(ತಲೆಗೆ ಹಾಕುವ ವಸ್ತು ತಾನೆ).
ತಬ್ರೇಜ್ ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆದದ್ದು,
ನಿಂಗರಾಜು ಮಿಕ್ಸಿ ಮೋಟಾರು ಸುತ್ತಿದ್ದು,
ಇನ್ನಾಸಿಯದು ಅವನ ಅಕ್ಕ ಕೊಟ್ಟ ಸಾಲ,
ನನ್ನದು ಹಲಗೆ ಉಜ್ಜಿದ್ದು.
ಚೀಟಿ ಎತ್ತಿ ವಾರ ಹಂಚಿಕೊಂಡೆವು.

ಗಾಂಧಿನಗರದ ನಿಂಗರಾಜು ಮನೆಯಲ್ಲಿ
ಮಂಚ ಎತ್ತಿ ಗೋಡೆಗೆ ಒರಗಿಸಿದರೆ ನಾಲ್ಕಡಿ.
ಮೊದಲ ಗುದ್ದಿಗೆ ಟ್ಯೂಬ್‌ಲೈಟು ಹೋಯಿತು,
ಎರಡನೆಯದಕ್ಕೆ ತಂಗಿ ಜೋಡಿಸಿಟ್ಟ ಲೋಟದ ಸಾಲು.
ತಬ್ರೇಜ್ ತಾರಸಿಗೆ ಒಯ್ದ, ಹಗಲಲ್ಲಿ.
ಬಿಸಿಲು ಮಸೂರದೊಳಗೆ ಇಳಿದು
ಪರದೆಗೆ ಸಾಸಿವೆಯಷ್ಟು ಸುಟ್ಟ ಕಲೆ.
ಅಂದಿನಿಂದ ಯಾವ ಲೋಕಕ್ಕೆ ಹೋದರೂ
ಆಕಾಶದ ಬಲಮೂಲೆಯಲ್ಲಿ ಅದೇ ಹಳದಿ ಚುಕ್ಕೆ.
ನಾವದಕ್ಕೆ ತಬ್ರೇಜನ ಸೂರ್ಯ ಅನ್ನುತ್ತೇವೆ.

ದಿನಕ್ಕೆ ಒಂದೂವರೆ ಜಿಬಿ ನಮ್ಮ ಫೋನಿಗೆ.
ಒಂದು ಅಪ್‌ಡೇಟ್ ಬಂತೆಂದರೆ
ಮೂರು ಜನರ ಅಂದಿನ ಮಾತು, ಕ್ರಿಕೆಟ್ಟು, ಎಲ್ಲ ಸ್ವಾಹಾ.
ಕನ್ನಡಕದವರಿಗೆ ಮೂಗು ಹಿಂಡುತ್ತದೆ.
ಇನ್ನಾಸಿಗೆ ಮೂರನೇ ನಿಮಿಷಕ್ಕೆ ವಾಂತಿ,
ದಿಂಬಂ ಘಾಟಿಯ ತಿರುವನ್ನೆಲ್ಲ
ನಿಂತಲ್ಲೇ ನಿಂತು ಹತ್ತಿದ ಹಾಗಂತೆ.
ಅವನ ವಾರ ಈಗ ಗಂಟೆಗೆ ಮೂವತ್ತರಂತೆ ಬಾಡಿಗೆಗೆ,
ಅಕ್ಕನ ಸಾಲ ಹಾಗೇ ತೀರುತ್ತಿದೆ.

ನಾನು ಆಡುವುದು ಕಡಿಮೆ. ಆಟಕ್ಕೆ ದುಡ್ಡು ಬೇಕು.
ಆಟ ಶುರುವಾಗುವ ಮೊದಲು ಒಂದು ಮನೆ ಬರುತ್ತದಲ್ಲ,
ಬಿಟ್ಟಿ ಮನೆ, ದೊಡ್ಡ ಕಿಟಕಿಯದು,
ಅಲ್ಲೇ ನಿಂತಿರುತ್ತೇನೆ.
ಬಾಗಿಲ ಚೌಕಟ್ಟಿಗೆ ಕೀಲಿಲ್ಲ, ಮೊಳೆಯೂ ಇಲ್ಲ.
ನೆಲದ ಹಲಗೆಗೆಲ್ಲ ಒಂದೇ ಗಂಟು, ಒಂದೇ ಎಳೆ.
ಒಂದೇ ಹಲಗೆಯನ್ನು ಸಾವಿರ ಸಲ ಹಾಸಿದ್ದಾರೆ, ಕಳ್ಳರು.
ಆದರೂ ಕಿಟಕಿ ಚೆನ್ನಾಗಿದೆ.

ಕೊನೆಗೆ ಜಾಗ ಸಿಕ್ಕಿದ್ದು ನನ್ನ ಕೆಲಸದ ಕಡೆ,
ಅಶೋಕ ರಸ್ತೆಯ ಹಿಂದಿನ ಗಲ್ಲಿ,
ಚೌರಪ್ಪನವರ ಪೆಟ್ಟಿಗೆ ಅಂಗಡಿ.
ಪೆಟ್ಟಿಗೆ ಅಂಗಡಿ ಅಂದರೆ ಬೀಡಿ ಬಾಳೆಹಣ್ಣಿನದಲ್ಲ,
ಒಂದೇ ಸಲ ಮಲಗುವ ಪೆಟ್ಟಿಗೆಯದು.
ಮುಗಿದವನ್ನು ಗೋಡೆಗೆ ನಿಲ್ಲಿಸಿದರೆ
ನಡುವೆ ಗೆರೆ ಸರಿಯಾಗಿ ಕೂರುತ್ತದೆ.
ಆ ಉದ್ದ ನನ್ನ ಕೈಗೆ ಗೊತ್ತು, ಟೇಪು ಬೇಕಿಲ್ಲ.
ರಾತ್ರಿ ಒಂಬತ್ತಕ್ಕೆ ಷಟರ್ ಅರ್ಧ ಎಳೆದು,
ಹೊಟ್ಟು ಗುಡಿಸಿ, ಒಬ್ಬೊಬ್ಬರೇ ಒಳಗಿಳಿಯುತ್ತೇವೆ.
ಚೌರಪ್ಪನವರದು ಒಂದೇ ಷರತ್ತು:
ಪಾಲಿಶ್ ಆದದ್ದಕ್ಕೆ ಗೀರು ಬೀಳಬಾರದು.

ಕಳೆದ ಗುರುವಾರ ನಿಂಗರಾಜು ಹಿಮದ ಬೆಟ್ಟ ಹತ್ತುತ್ತಿದ್ದ,
ಕೈ ಚಾಚಿ, ಗಾಳಿ ಹಿಡಿದು, ಮುಂಗಾಲಲ್ಲಿ ನಿಂತು.
ಷಟರಿನ ಕೆಳಗೆ ಬಗ್ಗಿ ಒಬ್ಬರು ಬಂದರು,
ಹೆಲ್ಮೆಟ್ ಕೈಯಲ್ಲೇ.
ಅಮ್ಮನಿಗೆ, ಅಂದರು. ಐದಡಿ ಎರಡಂಗುಲ.
ನಾನು ನಿಂಗರಾಜುವಿನ ಭುಜ ಮುಟ್ಟಹೋದೆ.
ಬೇಡ, ಇರಲಿ, ಅಂದರು, ಬಿದ್ದಾನು.

ಬೆವರಿಳಿಯುತ್ತ ಒಬ್ಬ
ಏನೂ ಇಲ್ಲದ ಕಡೆ ಹಿಡಿ ಹುಡುಕುವುದನ್ನು
ಸುಮಾರು ಹೊತ್ತು ನೋಡಿದರು.
ಬ್ಯಾಟರಿ ಹನ್ನೊಂದು ಪರ್ಸೆಂಟ್ ಇತ್ತು.
ಆಮೇಲೆ ಗದ್ದ ಎತ್ತಿ ಕೇಳಿದರು:
ಇದು ಎಷ್ಟಾಗುತ್ತೆ?

ಅವನೂ ಪೆಟ್ಟಿಗೆಗಳೂ ಒಂದೇ ದಿಕ್ಕಿಗಿದ್ದರು.
ಯಾವುದೆಂದು ತಿಳಿಯಲಿಲ್ಲ.
ಎರಡರದ್ದೂ ಹೇಳಿದೆ.