ಏಳನೇ ಕಲಮು

ತುಜ್ಲಾ ಊರಿನ ನೆಲದಡಿ ಉಪ್ಪಿತ್ತು.
ನೀರು ಬಿಟ್ಟು, ಕರಗಿಸಿ, ಮೇಲೆತ್ತಿ ಮಾರಿದರು ವರ್ಷಗಟ್ಟಲೆ.
ಉಪ್ಪು ಹೋದ ಜಾಗಕ್ಕೆ ಊರೇ ಇಳಿಯಿತು ನಿಧಾನ,
ಮೊದಲು ಹೊಸಿಲು, ಆಮೇಲೆ ಕಿಟಕಿ.
ನಮ್ಮ ಕಚೇರಿಯ ಮೇಜಿನ ಮೇಲೆ
ಪೆನ್ಸಿಲ್ಲು ಇಂದಿಗೂ ನಿಲ್ಲುವುದಿಲ್ಲ.

ಪುನಶ್ಚೇತನ ಮನೋವಿಜ್ಞಾನಿಗಳ ಸಂಘ.
ಹೆಸರು ಉದ್ದ, ಸದಸ್ಯರು ಇಪ್ಪತ್ತೊಂದು.
ನೆಲಬಾಂಬು ಸಿಡಿದು ಕಾಲು ಹೋದವರ ಜೊತೆ,
ತಲೆಗೆ ಪೆಟ್ಟು ಬಿದ್ದು ಹೆಂಡತಿಯ ಹೆಸರು ಮರೆತವರ ಜೊತೆ
ಕೂತೂ ಕೂತೂ ಬೆನ್ನು ಬಾಗಿದವರು.
ನಾನು ಸುವಾದಾ, ಕಾರ್ಯದರ್ಶಿ. ನಡಾವಳಿ ಬರೆಯುವವಳು.

ನಿಯಮಾವಳಿ ಬರೆದವರು ಡಾಕ್ಟರ್ ಬೆಚಿರ್.
ಯುದ್ಧ ಮುಗಿದ ಮರುವರ್ಷ, ಬಿಸಿಯಿಲ್ಲದ ಕೋಣೆಯಲ್ಲಿ
ಕೈಗವಸು ಹಾಕಿಕೊಂಡೇ ಟೈಪು ಮಾಡಿದ ಹದಿನೆಂಟು ಕಲಮು.
ಒಂದೊಂದು ಅಲ್ಪವಿರಾಮಕ್ಕೂ ಜಗಳ.
"ಮಾತು ಸಡಿಲವಾದರೆ ಏನಾಗುತ್ತದೆಂದು
ನೋಡಿದ್ದೀರಲ್ಲ" ಅನ್ನುತ್ತಿದ್ದರು.
ಏಳನೆಯದು: ಹಾಜರಿ ಕೂಗಿದಾಗ ಸದಸ್ಯನು
ಸ್ಪಷ್ಟ ಸ್ವರದಲ್ಲಿ ಹೌದು ಎನ್ನತಕ್ಕದ್ದು.
ಮತವನ್ನೂ ಬಾಯಿಬಿಟ್ಟೇ ಹೇಳತಕ್ಕದ್ದು; ಕೈಸನ್ನೆ ಸಲ್ಲದು.
ಕೈಯೆತ್ತಿದವರ ಹಿಂದೆ ಕೈಯೆತ್ತಿ
ಹಿಂದೊಮ್ಮೆ ದೇಶವೇ ಹಂಚಿಹೋಗಿತ್ತು,
ಅದಕ್ಕೆ.

ಹೋದ ಫೆಬ್ರುವರಿ, ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದಾಗ
ಅವರ ಮಿದುಳಿನ ಎಡಕ್ಕೆ ಒಂದು ನಾಳ ಕಟ್ಟಿಕೊಂಡಿತು.
ಅಷ್ಟೂ ಮಾತು ಹೋಗಿ ಒಂದು ಉಳಿಯಿತು: ಶನಿವಾರ.
ಕಾಫಿ ಬೇಕೇ? ಶನಿವಾರ.
ನೋವೇ? ಶನಿವಾರ, ಶನಿವಾರ.
ಮೊಮ್ಮಗಳು ಬಂದರೆ ಅದೇ ಶನಿವಾರಕ್ಕೆ ಜೇನು ಸವರಿರುತ್ತದೆ.
ಯಾವ ಶನಿವಾರ ಎಂದು ಕೆದಕುವುದು ನಮ್ಮ ಕಸುಬು.
ಕೆದಕಿದೆವು. ಸಂಘ ಹುಟ್ಟಿದ್ದು ಮಂಗಳವಾರ,
ಮದುವೆ ಭಾನುವಾರ, ತಮ್ಮನನ್ನು ಕರೆದೊಯ್ದದ್ದು ಸೋಮವಾರ.
ಅವರನ್ನೇ ಕೇಳಿದೆವು.
ಉತ್ತರ ನಿಮಗೆ ಗೊತ್ತು.

ಹೀಗಾಗಿ ತಿದ್ದುಪಡಿ. ಮೆವ್ಲಿದಾ ಮಂಡಿಸಿದಳು:
ಸ್ವರ, ಸನ್ನೆ, ಚೀಟಿ, ಕಣ್ಣರೆಪ್ಪೆ, ಯಾವುದಾದರೂ ಸರಿ.
ಕೋರಂಗೆ ಹನ್ನೊಂದು ಬೇಕು. ಹಿಮ ಬಿದ್ದು ಬಸ್ಸಿಲ್ಲ.
ಬಂದದ್ದು ಹತ್ತು ಜನ. ಮತ್ತೆ, ಗಾಲಿಕುರ್ಚಿಯಲ್ಲಿ, ಅವರು.

ಹಾಜರಿ ಕೂಗಿದೆ. ಅವರ ಹೆಸರು ಬಂತು.
"ಶನಿವಾರ" ಎಂದರು, ಸ್ಪಷ್ಟ ಸ್ವರದಲ್ಲಿ.
ಆ ದಿನ ಗುರುವಾರ.
ನೆರ್ಮಿನ್ ಕನ್ನಡಕ ತೆಗೆದ:
"ಕಲಮಿನ ಪ್ರಕಾರ ಇವರು ಇಲ್ಲಿಲ್ಲ."
ಎದುರಿಗೇ ಇದ್ದಾರೆ, ಅಂಗಿಯ ಗುಂಡಿ ಒಂದು ಕೆಳಗೆ ಬಿದ್ದಿದೆ,
ಬೂಟಿನ ಹಿಮ ಕರಗಿ ನೆಲ ಒದ್ದೆಯಾಗುತ್ತಿದೆ,
ಇಲ್ಲಿಲ್ಲ.
ಯಾರೂ ಉಸಿರೆತ್ತಲಿಲ್ಲ. ಹೀಟರು ಮಾತ್ರ ಟಕಟಕ.
ಇವರ ಉಪ್ಪು ತಿಂದವರು ನಾವು, ಅದೂ ಉಪ್ಪಿನ ಊರಿನಲ್ಲಿ.
ನಾನು ಬರೆದೆ: ಹಾಜರು.
ಶಾಯಿಯಲ್ಲಿ. ತಪ್ಪೆಂದು ಗೊತ್ತಿದ್ದೇ.

ಹತ್ತು ಬಾಯಿ ಹೌದೆಂದವು, ನೆರ್ಮಿನ್ನನದು ಕೊನೆಗೆ.
ಅವರ ಮುಂದೆ ಎರಡು ಚೀಟಿ, ಹಸಿರು, ಕೆಂಪು
(ಅಂಗೀಕಾರಕ್ಕೆ ಮೊದಲೇ ತಿದ್ದುಪಡಿಯಂತೆ ನಡೆದುಬಿಟ್ಟಿದ್ದೆವು).
ಬಲಗೈ ಯಾರೋ ಮರೆತು ಬಿಟ್ಟುಹೋದದ್ದರ ಹಾಗೆ ಮಡಿಲಲ್ಲಿತ್ತು.
ಎಡಗೈ ಎರಡನ್ನೂ ಎರಡು ಸಲ ಮುಟ್ಟಿ
ಕೆಂಪನ್ನು ಎತ್ತಿತು.

ಮೆವ್ಲಿದಾ ಬಗ್ಗಿದಳು, ಆಸ್ಪತ್ರೆಯ ದನಿಯಲ್ಲಿ:
"ಡಾಕ್ಟರ್, ನೋಡಿ, ಹಸಿರೆಂದರೆ..."
ಅವರ ಹುಬ್ಬು ಗಂಟಿಕ್ಕಿತು. ಆ ಹುಬ್ಬು ನಮಗೆ ಗೊತ್ತು,
ಅಲ್ಪವಿರಾಮ ತಪ್ಪಿದಾಗಿನದು.
ಚೀಟಿ ಇನ್ನೂ ಮೇಲೆ, ನಡುಗುತ್ತ.

ಒಂಬತ್ತನೇ ಕಲಮನ್ನು ಗಟ್ಟಿಯಾಗಿ ಓದಿದೆ:
ಮತ ಕೊಟ್ಟವನನ್ನು ಕಾರಣ ಕೇಳತಕ್ಕದ್ದಲ್ಲ.
ಅದೂ ಅವರದೇ.

ಪರ ಹತ್ತು. ವಿರೋಧ ಒಂದು. ತಿದ್ದುಪಡಿ ಅಂಗೀಕಾರ.
ಒಂದರ ಪಕ್ಕದಲ್ಲಿ ನಾನು ಪ್ರಶ್ನೆಚಿಹ್ನೆ ಹಾಕಲಿಲ್ಲ.

ಕೊನೆಯ ವಿಷಯ, ಹದಿನಾರನೇ ಕಲಮಿನಂತೆ.
ನೆರ್ಮಿನ್ ಕೋಟು ಹಾಕಿಕೊಳ್ಳುತ್ತ, ಯೋಚಿಸದೆ, ಕೇಳಿದ:
"ಮುಂದಿನ ಸಭೆ ಯಾವ ವಾರ?"
ಒಂದು ಕ್ಷಣ ಹೀಟರೂ ನಿಂತಂತಿತ್ತು.
ಮೊದಲು ನಕ್ಕವರು ಅವರು.