ಕೊನೇ ಸ್ಟಾಪು

ಊರ್ಡಿಗೆರೆ ದಾಟಿ ಎಡಕ್ಕೆ ತಿರುಗಿದ ಮೇಲೆ
ಟಾರು ಮುಗಿಯುತ್ತದೆ, ಏನೂ ಹೇಳದೆ.
ಮುಂದೆ ಬರೀ ಗರಸು. ಸ್ಟಿಯರಿಂಗು ಒಂದಿಷ್ಟು ನಡುಗಿ
ಆಮೇಲೆ ಒಗ್ಗುತ್ತದೆ
ಹೊಸ ಚಪ್ಪಲಿಗೆ ಕಾಲು ಒಗ್ಗಿದ ಹಾಗೆ.

"ಕಷ್ಟ ಏನಿಲ್ಲ, ಎರಡನೇ ಗೇರಲ್ಲಿ ಬಿಡಿ,
ಎತ್ತಿನ ಗಾಡಿ ಓಡಾಡಿದ್ ದಾರಿ" ಅಂದಿದ್ದ
ಗೇಟಿನ ವಾಚರು ಚಿಕ್ಕಸಿದ್ದಯ್ಯ,
ಲೈಸೆನ್ಸಿಗಿಂತ ನನ್ನ ನರೆಗೂದಲನ್ನೇ
ಹೆಚ್ಚು ಹೊತ್ತು ನೋಡಿ.

ಇಪ್ಪತ್ತೆರಡು ವರ್ಷ ತುಮಕೂರು ಡಿಪೋದ ಬಸ್ಸಲ್ಲಿ
ಬಾಗಿಲಿಗೆ ಆತು ನಿಂತು
ತಗಡು ಎರಡು ಸಲ ಬಡಿದು
"ರೈಟ್" ಅಂದವಳು ನಾನು.
ದಾರಿ ಅಂದರೆ ಆಗ
ತಲೆಗಳ ಸಂದಿಯಲ್ಲಿ ಚೂರುಚೂರು ಕಂಡದ್ದು,
ಚೀಲದ ಚಿಲ್ಲರೆ.
ಈಗ ಗಾಜಿನ ಉದ್ದಗಲಕ್ಕೂ
ಮಡಿಕೆ ಬೀಳದ ಇಡೀ ನೋಟು.

ಜಾಲಾರಿ ಹೂಬಿಟ್ಟಿದೆ. ತುಗ್ಗಲಿಯಲ್ಲಿ ಎಲೆಯಿಲ್ಲ.
ಕರಡಿ ಕೆದರಿ ಹೋದ ಹುತ್ತ, ಮಣ್ಣಿನ್ನೂ ಹಸಿ.
ತಿರುವಲ್ಲಿ ಕೌಜುಗವೊಂದು
ಮರಿಗಳ ಸಾಲು ದಾಟಿಸುತ್ತಿತ್ತು.
ಹಾರ್ನಿಗೆ ಹೋದ ಕೈ ಅಲ್ಲೇ ನಿಂತಿತು,
ಬಾಯಿ ನಿಲ್ಲಲಿಲ್ಲ:
"ಬೇಗ ಬೇಗ, ಮುಂದಕ್ ಹೋಗಿ, ಜಾಗ ಇದೆ."

ಹಿಂದಿನ ಸೀಟಲ್ಲಿ ತಂಗಿ ಮಗಳು ಮಂದಾರ,
ಅವಳ ಗೆಳತಿ ಮುಬೀನಾ, ಇನ್ನೊಬ್ಬಳು ಹೆಸರು ಮರೆತೆ.
ನಗುವುದಕ್ಕೆ ಅವರಿಗೆ ಕಾರಣ ಬೇಕಿರಲಿಲ್ಲ.

ಬಂಡೆಯ ಬುಡ. ಒಂದು ಹುಣಸೆಮರ,
ಕಲ್ಲಿನ ಮೇಲೆ ಸುಣ್ಣದ ಬಾಣ,
ಅಲ್ಲಿಂದಾಚೆ ಕಾಲಿಗಷ್ಟೇ ಹಾದಿ.
"ಕೊನೇ ಸ್ಟಾಪು. ಎಲ್ಲಾ ಇಳ್ಕೊಳ್ಳಿ."
"ನೀವು, ದೊಡ್ಡಮ್ಮ?"
ಮಂಡಿ ಮುಟ್ಟಿ ತೋರಿಸಿದೆ.
ಪೂರ್ತಿ ಸುಳ್ಳೇನಲ್ಲ.

ಅವರು ಬಂಡೆಯಾಚೆ ಮರೆಯಾದದ್ದೇ ತಡ
ಗಾಡಿ ತಿರುಗಿಸಿದೆ.
ಗೇಟಿನ ತನಕ ಹೋದೆ, ವಾಪಸು ಬಂದೆ.
ಮತ್ತೆ ಹೋದೆ.
ಹೋಗುವಾಗ ಒಂದು ಕಾಡು, ಬರುವಾಗ ಇನ್ನೊಂದು.
ಗಾಲಿಯಡಿ ಗರಸು ಮಾತ್ರ ಒಂದೇ ಸಮನೆ
ಕಡಲೆ ಹುರಿಯುತ್ತಿತ್ತು.

"ಏನಮ್ಮಾ, ಏನಾದ್ರೂ ಮರ್ತ್ ಬಂದ್ರಾ?"
ಎದ್ದು ಬಂದ ಚಿಕ್ಕಸಿದ್ದಯ್ಯ.
"ಇಲ್ಲಪ್ಪ, ಟ್ರಿಪ್ಪು" ಅಂದೆ.

ಅವನು ನನ್ನನ್ನು ನೋಡಿದ, ಖಾಲಿ ಸೀಟು ನೋಡಿದ,
ಕೊರಳ ಟವೆಲ್ಲು ಕೊಡವಿ
ಸರಪಳಿಗೆ ಬೀಗ ಹಾಕಿ
ಹಿಂದಿನ ಬಾಗಿಲು ತೆಗೆದು ಹತ್ತಿ ಕೂತ.

ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ಅವನು ಹೇಳಲೂ ಇಲ್ಲ;
ಕಿಟಕಿಯಿಂದ ಕೈ ಹೊರಗೆ ಹಾಕಿ
ಬಾಗಿಲ ತಗಡು
ಎರಡು ಸಲ ಬಡಿದ.